ಮನೆಯಲ್ಲಿ ತುಂಬಿದ ತೋಟಾ, ಒಳಾಂಗಣ ರೇಂಜಿನ ನಿಯಮ

ಅಮೆರಿಕದಲ್ಲಿ ಗುರಿ ಅಭ್ಯಾಸ ಮಾಡುವ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಒಳಾಂಗಣ ಶೂಟಿಂಗ್ ರೇಂಜಿಗೆ ಹೋದರೆ ಕೌಂಟರಿನ ಹತ್ತಿರ ನಿಯಮಗಳ ಬೋರ್ಡು ಕಾಣಿಸುತ್ತದೆ. ರೀಲೋಡ್, ಅಂದರೆ ಹಳೆಯ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬಿ ಮಾಡಿದ ತೋಟಾ, ಅದರ ಬಗ್ಗೆ ಸಾಮಾನ್ಯವಾಗಿ ಒಂದು ಸಾಲು ಅಲ್ಲಿರುತ್ತದೆ. ಒಂದು ಕಡೆ ಬಾಡಿಗೆ ಗನ್‌ಗೆ ಮಾತ್ರ ರೀಲೋಡ್ ಬೇಡ ಅನ್ನುತ್ತಾರೆ. ಇನ್ನೊಂದು ಕಡೆ ಯಾವ ಗನ್‌ಗೂ ಬೇಡ, ಫ್ಯಾಕ್ಟರಿಯ ಹೊಸ ಮಾಲೇ ಆಗಬೇಕು. ಮತ್ತೊಂದು ಕಡೆ ಅವರ ಅಂಗಡಿಯಲ್ಲೇ ಕೊಂಡದ್ದಾಗಬೇಕು. ಮನೆಯಲ್ಲಿ ತೋಟಾ ತುಂಬುವ ಯಂತ್ರ, ಅಂದರೆ ಪ್ರೆಸ್ ಇಟ್ಟುಕೊಂಡು ಜೋಪಾನವಾಗಿ ತುಂಬುವವರಿಗೆ ಇದರಿಂದ ಬೇಸರವಾಗುವುದು ಸಹಜ. ‘ಒಂದೊಂದನ್ನೂ ತೂಗಿ ತುಂಬಿದ್ದೇನೆ, ಕಾರ್ಖಾನೆಯದಕ್ಕಿಂತ ಚೆನ್ನಾಗಿದೆ’ ಅನ್ನುತ್ತಾರೆ. ನಿಜವೂ ಇರಬಹುದು. ಆದರೆ ಒಮ್ಮೆ ಗುಂಡು ಕೂರಿಸಿದ ಮೇಲೆ ಒಳಗೆ ಎಷ್ಟು ಮದ್ದಿದೆ ಅಂತ ಹೊರಗಿನಿಂದ ನೋಡಿ ಹೇಳುವುದು ರೇಂಜ್ ಆಫೀಸರ್‌ಗೂ ಸಾಧ್ಯವಿಲ್ಲ, ತುಂಬಿದವರಿಗೂ ಸಾಧ್ಯವಿಲ್ಲ. ಈ ನಿಯಮಗಳೆಲ್ಲ ಹುಟ್ಟಿರುವುದು ಅಲ್ಲಿಂದ.

ಅದಕ್ಕೂ ಮೊದಲು, ನಮ್ಮ ಜನಕ್ಕೆ ನೇರವಾಗಿ ತಟ್ಟುವ ಒಂದು ವಿಷಯ. ಎಚ್-1ಬಿ, ಎಫ್-1, ಬಿ-2 ಮುಂತಾದ ವಲಸೆಯೇತರ ವೀಸಾದ ಮೇಲೆ ಬಂದವರು ಗನ್ ಅಥವಾ ತೋಟಾ ಹೊಂದಿರುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. 18ನೇ ಶೀರ್ಷಿಕೆಯ 922ನೇ ಸೆಕ್ಷನ್ ಅದು. ರೇಂಜಿನಲ್ಲಿ ಅರ್ಧ ಗಂಟೆಗೆ ಬಾಡಿಗೆ ತೆಗೆದುಕೊಂಡರೂ ಕೈಯಲ್ಲಿ ಹಿಡಿದದ್ದು ಹಿಡಿದದ್ದೇ. ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಯಾವುದಾದರೊಂದು ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಊರಿಂದ ಬಂದ ಅಪ್ಪನನ್ನೋ ಭಾವನನ್ನೋ ‘ಸುಮ್ಮನೆ ಒಂದೆರಡು ಸುತ್ತು ಹೊಡೆಯಲಿ’ ಅಂತ ಕರೆದುಕೊಂಡು ಹೋಗುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ. ಕೌಂಟರಿನಲ್ಲಿ ಕೇಳಲಿಲ್ಲ ಅಂದರೆ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ, ಮತ್ತು ವೀಸಾ ಕತೆ ಮುಗಿಯುವುದಕ್ಕೆ ಇಷ್ಟು ಸಾಕು.

ಈಗ ತೋಟಾಕ್ಕೆ ಬರೋಣ. ಅದರಲ್ಲಿ ನಾಲ್ಕೇ ಭಾಗ: ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಕೊಡಗು, ಮಲೆನಾಡಿನಲ್ಲಿ ಕೇಪಿನ ಕೋವಿ ನೋಡಿದವರಿಗೆ ಪ್ರೈಮರ್ ಏನೆಂದು ಹೇಳಬೇಕಾಗಿಲ್ಲ, ಕೇಪು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಹೊಡೆದ ಮೇಲೆ ಉಳಿಯುವ ಕೇಸನ್ನು ತೊಳೆದು, ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸಿದರೆ ರೀಲೋಡ್ ಆಯಿತು. .22 ರಿಮ್‌ಫೈರ್‌ನಲ್ಲಿ ಸಿಡಿಯುವ ಪದಾರ್ಥ ಕೇಸಿನ ಅಂಚಿನೊಳಗೇ ಇರುತ್ತದೆ. ಅದನ್ನು ಮನೆಯಲ್ಲಿ ಮತ್ತೆ ತುಂಬುವ ರೂಢಿ ಇಲ್ಲ, ಹಾಗಾಗಿ ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಮದ್ದಿನ ಅಳತೆಯನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. 9 ಎಂಎಂ ಪಿಸ್ತೂಲಿನ ತೋಟಾಕ್ಕೆ ಸಾಮಾನ್ಯವಾಗಿ ಬೀಳುವುದು 4ರಿಂದ 6 ಗ್ರೇನ್, ಒಂದು ಚಿಟಿಕೆ ಉಪ್ಪಿನಷ್ಟು. ಇಷ್ಟು ಮದ್ದು ಎಬ್ಬಿಸುವ ಒತ್ತಡಕ್ಕೆ ಸ್ಯಾಮಿ ಎಂಬ ಉದ್ಯಮ ಸಂಸ್ಥೆ ಮಿತಿ ಹಾಕಿದೆ. 9 ಎಂಎಂಗೆ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .45 ಎಸಿಪಿಗೆ 21,000, .38 ಸ್ಪೆಷಲ್‌ಗೆ 17,000, .223 ರೆಮಿಂಗ್ಟನ್ ರೈಫಲ್‌ಗೆ 55,000. ಮದ್ದು ಹೆಚ್ಚಿದ ಲೆಕ್ಕದಲ್ಲೇ ಒತ್ತಡ ಏರುವುದಿಲ್ಲ, ಅದಕ್ಕಿಂತ ಬಹಳ ಜೋರಾಗಿ ಏರುತ್ತದೆ. ಮದ್ದು ಅಷ್ಟೇ ಇದ್ದು ಗುಂಡು ಕೇಸಿನೊಳಗೆ ಸ್ವಲ್ಪ ಜರುಗಿದರೂ ಏರುತ್ತದೆ, ಯಾಕೆಂದರೆ ಮದ್ದು ಉರಿಯುವ ಜಾಗ ಚಿಕ್ಕದಾಯಿತು. ಅದಕ್ಕೇ ಒಂದೇ ತೋಟಾವನ್ನು ಮತ್ತೆ ಮತ್ತೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ, ಅಂದರೆ ಚೇಂಬರ್‌ಗೆ ಏರಿಸಿ ಇಳಿಸಬಾರದು. ತೋಟಾವನ್ನು ಒಳಗೆ ಜಾರಿಸುವ ಇಳಿಜಾರಿಗೆ, ಅಂದರೆ ಫೀಡ್ ರ‍್ಯಾಂಪಿಗೆ ಬಡಿದ ಪ್ರತಿ ಸಲವೂ ಗುಂಡು ಸ್ವಲ್ಪ ಹಿಂದೆ ಸರಿಯಬಹುದು.

ಎರಡು ಸಲ ಮದ್ದು ಬೀಳುವುದು

ರೇಂಜಿನವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ. ಇದು ಅಜ್ಞಾನದಿಂದ ಆಗುವುದಕ್ಕಿಂತ ಕೆಲಸದ ನಡುವಿನ ಅಡಚಣೆಯಿಂದ ಆಗುವುದೇ ಹೆಚ್ಚು. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಹಿಡಿಯನ್ನು ಒಂದು ಸಲ ಎಳೆದರೆ ಎಲ್ಲ ಸ್ಟೇಷನ್‌ಗಳಲ್ಲೂ ಒಟ್ಟಿಗೇ ಕೆಲಸ ಆಗುತ್ತದೆ: ಒಂದರಲ್ಲಿ ಹಳೆ ಪ್ರೈಮರ್ ಹೊರಗೆ, ಇನ್ನೊಂದರಲ್ಲಿ ಮದ್ದು ಒಳಗೆ, ಮುಂದಿನದರಲ್ಲಿ ಗುಂಡು. ನಡುವೆ ಒಂದು ಕೇಸ್ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಹಿಡಿಯನ್ನು ಅರ್ಧ ಎತ್ತಿ ಮತ್ತೆ ಇಳಿಸುತ್ತೀರಿ. ಅಷ್ಟರಲ್ಲಿ ಮದ್ದಿನ ಸ್ಟೇಷನ್‌ನಲ್ಲಿ ನಿಂತ ಕೇಸಿಗೆ ಎರಡನೇ ಸಲ ಬಿದ್ದಿರುತ್ತದೆ. ಕೇಸ್‌ಗಳನ್ನು ಹಿಡಿದು ತಿರುಗುವ ಪ್ಲೇಟನ್ನು ಕೈಯಲ್ಲಿ ಒಂದು ಮನೆ ಮುಂದೆ ತಿರುಗಿಸಿಬಿಟ್ಟಿದ್ದರೆ ಒಂದು ಕೇಸಿಗೆ ಏನೂ ಬಿದ್ದಿರುವುದಿಲ್ಲ. ಎರಡರ ಮೇಲೂ ಗುಂಡು ಒಂದೇ ತರ ಕೂರುತ್ತದೆ, ಎರಡೂ ಒಂದೇ ತರ ಹೊಳೆಯುತ್ತವೆ.

.38 ಸ್ಪೆಷಲ್ ಈ ವಿಷಯದಲ್ಲಿ ವಿಶೇಷ ಅಪಾಯದ್ದು. 19ನೇ ಶತಮಾನದ ಕೊನೆಯಲ್ಲಿ, ಜಾಗ ಹೆಚ್ಚು ಬೇಡುವ ಕರಿಮದ್ದಿನ ಕಾಲದಲ್ಲಿ ರೂಪಿಸಿದ ಉದ್ದನೆಯ ಕೇಸ್ ಅದು. ಇವತ್ತಿನ ಬೇಗ ಉರಿಯುವ ಮದ್ದು, ಅಂದರೆ ಪೌಡರ್, ತಳದಲ್ಲಿ ಎಲ್ಲೋ ಕೂತಿರುತ್ತದೆ. ಎರಡು ಪಾಲು ಬಿದ್ದರೂ ಚೆಲ್ಲುವುದಿಲ್ಲ.

ಮುಗಿದ ತೋಟಾಗಳನ್ನು ತೂಗಿ ಇದನ್ನು ಹಿಡಿಯಬಹುದು ಅಂತ ಬಹಳ ಜನ ನಂಬಿದ್ದಾರೆ. ಈ ಲೆಕ್ಕವನ್ನು ಹತ್ತಿರದಿಂದ ನೋಡಿ. ಬೇರೆ ಬೇರೆ ಕಂಪನಿಗಳ ಖಾಲಿ ಕೇಸ್‌ಗಳ ತೂಕದಲ್ಲೇ ಹಲವು ಗ್ರೇನ್ ವ್ಯತ್ಯಾಸ ಇರುತ್ತದೆ. ಅದರ ಮೇಲೆ ಗುಂಡಿನ ತೂಕವೂ ಸ್ವಲ್ಪ ಹೆಚ್ಚುಕಡಿಮೆ. ನೀವು ಹುಡುಕುತ್ತಿರುವುದು ಬರೀ 4 ಗ್ರೇನ್ ಮದ್ದು. ಬಗೆಬಗೆಯ ಕೇಸ್ ಬೆರೆತ ಡಬ್ಬಿಯಲ್ಲಿ ಆ 4 ಗ್ರೇನ್ ಕೇಸಿನ ವ್ಯತ್ಯಾಸದಲ್ಲೇ ಮುಳುಗಿಹೋಗುತ್ತದೆ. ತಕ್ಕಡಿ ಸರಿಯಾಗಿಯೇ ಹೇಳುತ್ತದೆ, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಇದನ್ನು ತಡೆಯುವ ಜಾಗ ಒಂದೇ, ಗುಂಡು ಕೂರಿಸುವ ಮುಂಚಿನ ಕ್ಷಣ. ಪ್ರೆಸ್‌ನ ತಲೆಯ ಕೆಳಗೆ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿ, ಪ್ರತಿ ಕೇಸಿನೊಳಗೆ ಇಣುಕಿ ನೋಡಿಯೇ ಗುಂಡು ಇಡಿ. ಒಂದು ಸ್ಟೇಷನ್ ಖಾಲಿ ಇದ್ದರೆ ಅಲ್ಲಿ ಮದ್ದಿನ ಮಟ್ಟ ತೋರಿಸುವ ಪೌಡರ್ ಚೆಕ್ ಡೈ ಕೂರಿಸಿ. ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ, ಹಗುರವಾಗಿ ಹರಡುವ ಪೌಡರ್ ಆರಿಸಿ. ಆಗ ಎರಡನೇ ಸಲ ಬಿದ್ದರೆ ಅದು ಹೊರಗೆ ಚೆಲ್ಲಿ ತಾನೇ ಹೇಳುತ್ತದೆ. ನನಗೆ ಇದು ಎಲ್ಲ ಉಪಕರಣಗಳಿಗಿಂತ ಒಳ್ಳೆಯ ಉಪಾಯ ಅನ್ನಿಸುತ್ತದೆ. ಯಾವ ಕಾರಣಕ್ಕೇ ಆಗಲಿ, ಫೋನ್ ಬಂತು, ಮಗು ಕರೆಯಿತು, ಕೇಸ್ ಸಿಕ್ಕಿಕೊಂಡಿತು, ಕೈ ನಿಂತರೆ ಪ್ಲೇಟಿನ ಮೇಲಿರುವ ಅಷ್ಟೂ ಕೇಸ್‌ಗಳ ಮದ್ದನ್ನು ಸುರಿದು ಮೊದಲಿನಿಂದ ಶುರು ಮಾಡಿ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಪೌಡರ್ ಡಬ್ಬಿ ಇರಬೇಕು. ಐಎಂಆರ್ 4831 ಮತ್ತು ಎಚ್4831, ಎರಡು ರೈಫಲ್ ಪೌಡರ್‌ಗಳು, ಸಂಖ್ಯೆ ಒಂದೇ. ಉರಿಯುವ ವೇಗ ಒಂದೇ ಅಲ್ಲ, ಐಎಂಆರ್ ಹೆಚ್ಚು ವೇಗದ್ದು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಅನಾಹುತ. ಕಡಿಮೆ ಹಾಕಿದರೆ ಕ್ಷೇಮ ಅನ್ನುವುದೂ ಎಲ್ಲ ಕಡೆ ನಿಜವಲ್ಲ. ಹೆಚ್ಚು ಶಕ್ತಿಯ ಮ್ಯಾಗ್ನಮ್ ತೋಟಾಗಳಿಗೆ ಹಾಕುವ ಎಚ್110 ಪೌಡರನ್ನು ರೀಲೋಡ್ ಕೈಪಿಡಿಯ ಅಳತೆಗಿಂತ ಶೇ. 3ಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ತಯಾರಕರೇ ಎಚ್ಚರಿಸಿದ್ದಾರೆ. ಇನ್ನೂ ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ನಿಲ್ಲಬಹುದು.

ನಳಿಗೆಯಲ್ಲಿ ನಿಂತ ಗುಂಡು

ಗುಂಡು ನಳಿಗೆಯಲ್ಲಿ ನಿಂತರೆ ಅದಕ್ಕೆ ಸ್ಕ್ವಿಬ್ ಅನ್ನುತ್ತಾರೆ. ಮದ್ದು ಇಲ್ಲದಿದ್ದರೂ ಪ್ರೈಮರ್ ಒಂದೇ ಗುಂಡನ್ನು ಕೇಸಿನಿಂದ ಕಿತ್ತು ನಳಿಗೆಯೊಳಗೆ ಒಂದೆರಡು ಇಂಚು ತಳ್ಳುವಷ್ಟು ಶಕ್ತಿ ಹೊಂದಿದೆ. ಅಷ್ಟರಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ. ಅನಾಹುತ ಆಗುವುದು ಮುಂದಿನ ಗುಂಡಿನಿಂದ. ಅದು ನಿಂತ ಗುಂಡಿಗೆ ಡಿಕ್ಕಿ ಹೊಡೆದಾಗ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಬಯಲು ರೇಂಜಿನಲ್ಲಿ ‘ಢಂ’ ಬದಲು ‘ಟಪ್’ ಅಂದದ್ದು ಕಿವಿಗೆ ಬೀಳುತ್ತದೆ. ಒಳಾಂಗಣದಲ್ಲಿ ಹಾಗಲ್ಲ. ಗನ್ ಶಬ್ದ 140 ಡೆಸಿಬೆಲ್ ಮೀರುತ್ತದೆ, ಗೋಡೆಗಳು ಅದನ್ನು ವಾಪಸ್ ಕೊಡುತ್ತವೆ. ಹಾಗಾಗಿ ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕಿರುತ್ತೀರಿ, ಹಾಕಿರಲೇಬೇಕು. ಪಕ್ಕದ ಲೇನಿನವರು ರೈಫಲ್ ಹೊಡೆಯುತ್ತಿದ್ದರೆ ನಿಮ್ಮ ‘ಟಪ್’ ನಿಮಗೇ ಕೇಳುವುದಿಲ್ಲ. ಒಳಾಂಗಣದಲ್ಲಿ ರೀಲೋಡ್‌ಗೆ ಬಿಗಿ ನಿಯಮ ಇರುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

ಆದ್ದರಿಂದ ಕಿವಿಯನ್ನು ನಂಬದೆ ಕೈ ಮತ್ತು ಕಣ್ಣನ್ನು ನಂಬಬೇಕು. ಕೈಗೆ ಬರುವ ಒದೆತ ತೆಳುವಾಯಿತೇ? ಕೇಸ್ ಹೊರಗೆ ಹಾರಲಿಲ್ಲವೇ? ಕಾಗದದ ಮೇಲೆ ಹೊಸ ತೂತು ಬೀಳಲಿಲ್ಲವೇ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ನಿಲ್ಲಿಸಿ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಸ್ಕ್ವಿಬ್ ಆದಾಗ ಸಾಮಾನ್ಯವಾಗಿ ತಾನಾಗಿ ಮುಂದಿನ ತೋಟಾ ಏರಿಸುವುದಿಲ್ಲ. ಅದೇ ರಕ್ಷಣೆ. ಆದರೆ ಆತ್ಮರಕ್ಷಣೆ ತರಗತಿಯಲ್ಲಿ ಮ್ಯಾಗಜೀನ್ ತಟ್ಟಿ, ಸ್ಲೈಡ್ ಎಳೆದು, ಮತ್ತೆ ಹೊಡೆಯುವುದನ್ನು ಯೋಚಿಸದೆ ಮಾಡುವಷ್ಟು ರೂಢಿ ಮಾಡಿಸಿರುತ್ತಾರೆ. ರೀಲೋಡ್ ಹೊಡೆಯುವಾಗ ಆ ರೂಢಿಯೇ ಶತ್ರು. ರಿವಾಲ್ವರ್‌ನಲ್ಲಂತೂ ಯಾವ ತಡೆಯೂ ಇಲ್ಲ, ಟ್ರಿಗರ್ ಒತ್ತಿದರೆ ಮುಂದಿನ ತೋಟಾ ಬಂದು ನಿಲ್ಲುತ್ತದೆ.

ಸಂಶಯ ಬಂದ ಕೂಡಲೇ ಬೆರಳು ಟ್ರಿಗರ್‌ನಿಂದ ಆಚೆ, ನಳಿಗೆ ಗುರಿಯ ಕಡೆಗೇ. ಟ್ರಿಗರ್ ಒತ್ತಿದಾಗ ಏನೂ ಆಗದಿದ್ದರೆ ಕನಿಷ್ಠ 30 ಸೆಕೆಂಡು ಹಾಗೇ ಹಿಡಿದಿರಿ, ತಡವಾಗಿ ಸಿಡಿಯುವ ತೋಟಾ ಇರುತ್ತದೆ. ನಿಮ್ಮ ರೇಂಜು ಇನ್ನೂ ಹೆಚ್ಚು ಹೊತ್ತು ಹೇಳಿದ್ದರೆ ಅಷ್ಟು. ನಂತರ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಗನ್ ಬೆಂಚಿನ ಮೇಲಿಟ್ಟು ರೇಂಜ್ ಆಫೀಸರನ್ನು ಕರೆಯಿರಿ. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಬಹುದು, ಅಥವಾ ಒಂದು ರಾಡ್ ತೂರಿಸಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆಯೇ ನೋಡಬಹುದು. ಜೋಡಿಸಿದ ಗನ್ನಿನ ಬಾಯಿಯೊಳಗೆ ಇಣುಕಬೇಡಿ. ನಿಂತ ಗುಂಡನ್ನು ಇನ್ನೊಂದು ಗುಂಡು ಹೊಡೆದು ಹೊರಹಾಕುವ ಯೋಚನೆ ಮನಸ್ಸಿಗೇ ಬರಬಾರದು. ಅದನ್ನು ಎಣ್ಣೆ ಬಿಟ್ಟು, ಅಳತೆಗೆ ಸರಿಹೊಂದುವ ಹಿತ್ತಾಳೆ ರಾಡಿನಿಂದ ತಟ್ಟಿ ತೆಗೆಯುತ್ತಾರೆ. ಮರದ ಕೋಲು ಒಳಗೇ ಸೀಳಿ ಸಿಕ್ಕಿಕೊಳ್ಳಬಹುದು. ಅಭ್ಯಾಸ ಇಲ್ಲದಿದ್ದರೆ ಗನ್ ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ಕೊಡಿ.

ಬಾಡಿಗೆ ಗನ್ ನಿಯಮಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಇವತ್ತು ನಿಮ್ಮ ತೋಟಾದಿಂದ ಸ್ವಲ್ಪ ಉಬ್ಬಿದ ನಳಿಗೆಯನ್ನು ನಾಳೆ ಏನೂ ತಿಳಿಯದ ಇನ್ನೊಬ್ಬರು ಹಿಡಿಯುತ್ತಾರೆ. ರೀಲೋಡ್ ಹಾಕಿ ಹಾಳಾದರೆ ವಾರಂಟಿ ಇಲ್ಲ ಅಂತ ಅನೇಕ ಗನ್ ತಯಾರಕರು ಕೈಪಿಡಿಯಲ್ಲೇ ಬರೆದಿರುತ್ತಾರೆ. ಸ್ವಂತ ಗನ್‌ಗೂ ಬೇಡ ಅನ್ನುವ ರೇಂಜುಗಳು ಪಕ್ಕದ ಲೇನನ್ನು ನೋಡಿ ಹಾಗೆ ಹೇಳುತ್ತವೆ. ಪಿಸ್ತೂಲಿನಲ್ಲಿ ಕೇಸ್ ಒಡೆದರೆ ಬಿಸಿ ಅನಿಲ ಮ್ಯಾಗಜೀನನ್ನು ಕೆಳಗೆ ಉಗುಳಿ, ಹಿಡಿಯನ್ನು ಸೀಳಿ, ಹಿತ್ತಾಳೆ ಚೂರುಗಳನ್ನು ಅಕ್ಕಪಕ್ಕಕ್ಕೆ ಎಸೆಯುತ್ತದೆ. ಪಕ್ಕದವರು ನಿಂತಿರುವುದು ನಾಲ್ಕೈದು ಅಡಿ ಆಚೆ.

ಫ್ಯಾಕ್ಟರಿಯ ಹೊಸ ತೋಟಾ, ಮನೆಯ ರೀಲೋಡ್, ಇವೆರಡರ ನಡುವೆ ಮೂರನೇ ಬಗೆಯೊಂದಿದೆ. ಟೈಪ್ 06 ಫೆಡರಲ್ ಲೈಸೆನ್ಸ್ ಇರುವ ಕಂಪನಿಗಳು ಹಳೆ ಕೇಸಿಗೆ ತುಂಬಿ, ಅಚ್ಚಾದ ಡಬ್ಬಿಯಲ್ಲಿ ಮಾರುವ ತೋಟಾ. ಕೆಲವು ರೇಂಜು ಇದನ್ನು ಒಪ್ಪುತ್ತವೆ, ಕೆಲವು ಇದನ್ನೂ ರೀಲೋಡ್ ಅಂತಲೇ ನೋಡುತ್ತವೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಬಿಡುವುದು ಲೇಸು. ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಾಗಿಲ್ಲ. ಮಾರುವ ದಂಧೆಗೆ ಬೇಕು. ‘ಸ್ನೇಹಿತರಿಗೆ ಖರ್ಚಿನ ದರಕ್ಕೆ’ ಅನ್ನುವ ದಾರಿ ಹಿಡಿಯಬೇಡಿ.

ಗೋಡೆ, ಗಾಳಿ, ಸೀಸ

ರೇಂಜಿನವರು ನಿಮ್ಮ ಡಬ್ಬಿಗೆ ಅಯಸ್ಕಾಂತ ಹಿಡಿಯುವುದು ಗುಂಡಿನಲ್ಲಿ ಉಕ್ಕಿದೆಯೇ ನೋಡಲು. ಹಿಂಬದಿಯಲ್ಲಿ ಗುಂಡು ಹಿಡಿಯುವ ಟ್ರ್ಯಾಪ್ ಓರೆಯಾಗಿಟ್ಟ ಗಟ್ಟಿ ಉಕ್ಕಿನ ತಗಡಿನದು ಅಥವಾ ರಬ್ಬರ್ ಚೂರಿನದು. ಉಕ್ಕಿನ ತಿರುಳಿನ ಗುಂಡು ತಗಡಿನಲ್ಲಿ ಗುಳಿ ಮಾಡುತ್ತದೆ, ಆಮೇಲೆ ಬಂದ ಸೀಸದ ಚೂರುಗಳು ಆ ಗುಳಿಯಿಂದ ದಿಕ್ಕು ತಪ್ಪಿ ಹಿಂದಕ್ಕೆ ಸಿಡಿಯಬಹುದು. ರಬ್ಬರ್‌ಗೆ ಕಿಡಿ ತಾಗಿದರೆ ಬೆಂಕಿ, ಹಾಗಾಗಿ ಉರಿಯುತ್ತಾ ಹಾರುವ ಟ್ರೇಸರ್ ಗುಂಡಿಗಂತೂ ಜಾಗವೇ ಇಲ್ಲ. ಅಗ್ಗದ ಗುಂಡುಗಳಲ್ಲಿ ಮೇಲೆ ತಾಮ್ರದ ಬಣ್ಣ, ಒಳಕವಚ ಉಕ್ಕು ಇರುವುದುಂಟು. ಅದಕ್ಕೂ ಅಯಸ್ಕಾಂತ ಅಂಟುತ್ತದೆ. ಮನೆಯಲ್ಲೇ ಒಂದು ಅಯಸ್ಕಾಂತ ಇಟ್ಟುಕೊಳ್ಳಿ.

ನೆಲದ ಮೇಲೆ ಬೀಳುವ ಉರಿಯದ ಮದ್ದೂ ಬೆಂಕಿಗೆ ಮೇವು. ಚಿಕ್ಕ ನಳಿಗೆಯಲ್ಲಿ ನಿಧಾನದ ಪೌಡರ್ ಹಾಕಿದರೆ ಪೂರ್ತಿ ಉರಿಯದೆ ಚಿಕ್ಕ ಹಳದಿ, ಬೂದು ಕಣಗಳಾಗಿ ಬೆಂಚಿನ ಮೇಲೆ ಬೀಳುತ್ತದೆ. ಗುರಿಯ ಹಾಳೆ ಹತ್ತಿರವಿದ್ದಾಗ ಅದರ ಮೇಲೂ ಕಾಣಬಹುದು. ಹಾಗೆ ಕಂಡರೆ ಆ ಅಳತೆ ಒಳಾಂಗಣಕ್ಕೆ ತಕ್ಕದ್ದಲ್ಲ.

ಸೀಸದ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ, ಕ್ಷಮಿಸಿ. ಸಾಮಾನ್ಯ ಪ್ರೈಮರ್‌ನಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಿಡಿಮದ್ದು ಇದೆ. ಕವಚವಿಲ್ಲದ ಎರಕದ ಗುಂಡಿನ ತಳ ಬಿಸಿ ಅನಿಲಕ್ಕೆ ಕರಗಿ ಹೊಗೆಯಾಗುತ್ತದೆ, ಅದಕ್ಕೆ ಹಚ್ಚಿದ ಮೇಣವೂ ಹೊಗೆಯಾಗುತ್ತದೆ. ರೇಂಜಿನಲ್ಲಿ ಎಂಟು ಗಂಟೆ ದುಡಿಯುವವರ ಉಸಿರಿನ ಗಾಳಿಯಲ್ಲಿ ಸೀಸ ಘನ ಮೀಟರಿಗೆ ಸರಾಸರಿ 50 ಮೈಕ್ರೋಗ್ರಾಂ ಮೀರಬಾರದು, 30 ತಲುಪಿದರೆ ಕ್ರಮ ಶುರುವಾಗಬೇಕು ಅಂತ ಕೆಲಸಗಾರರ ಸುರಕ್ಷತೆ ನೋಡುವ ಫೆಡರಲ್ ಸಂಸ್ಥೆ ಓಶಾದ ನಿಯಮ ಹೇಳುತ್ತದೆ. ಗಾಳಿ ಶೂಟರ್‌ಗಳ ಬೆನ್ನಿನಿಂದ ಗುರಿಯ ಕಡೆಗೆ ನಿಮಿಷಕ್ಕೆ ಸುಮಾರು 75 ಅಡಿ ವೇಗದಲ್ಲಿ ಹರಿಯಬೇಕು ಅನ್ನುವುದು ಅದೇ ವಿಷಯದ ಸಂಶೋಧನಾ ಸಂಸ್ಥೆ ನಿಯೋಶ್‌ನ ಶಿಫಾರಸು. ಅದಕ್ಕೇ ಅನೇಕ ರೇಂಜುಗಳು ಬರಿ ಸೀಸದ ಗುಂಡು ಬೇಡ ಅನ್ನುತ್ತವೆ. ತುಂಬುವವರು ತಳವೂ ಮುಚ್ಚಿರುವ ಪೂರ್ಣ ಕವಚದ ಅಥವಾ ತಾಮ್ರ ಲೇಪದ ಗುಂಡು ಕೊಂಡರೆ ಹೊಗೆ ಬಹಳ ಇಳಿಯುತ್ತದೆ. ಪಾಲಿಮರ್ ಲೇಪದ ಗುಂಡು ಎಲ್ಲ ಕಡೆ ಒಪ್ಪಿಗೆಯಲ್ಲ, ಕೇಳಿ ತಿಳಿಯಿರಿ.

ಮನೆಯಲ್ಲಿ ಸೀಸ ಹರಡುವ ದೊಡ್ಡ ದಾರಿ ಕೇಸ್ ಉಜ್ಜುವ ಯಂತ್ರ, ಅಂದರೆ ಟಂಬ್ಲರ್. ಒಣ ಹೊಟ್ಟಿನಲ್ಲಿ ಕೇಸ್ ಉಜ್ಜಿದಾಗ ಏಳುವ ಧೂಳಿನಲ್ಲಿ ಪ್ರೈಮರ್‌ನ ಸೀಸ ಇರುತ್ತದೆ. ನೀರಿನಲ್ಲಿ ಉಜ್ಜುವ ವಿಧಾನ ಮೇಲು, ಏನೇ ಆದರೂ ಅಡುಗೆಮನೆಯಲ್ಲಿ ಬೇಡ, ಅನ್ನ ತಿನ್ನುವ ಮೇಜಿನ ಮೇಲೆ ಪ್ರೆಸ್ ಬೇಡ. ರೇಂಜಿನಿಂದ ಹೊರಡುವಾಗ ಸೋಪು ಹಾಕಿ ತಣ್ಣೀರಿನಲ್ಲಿ ಕೈ, ಮುಖ ತೊಳೆಯಿರಿ. ಬಟ್ಟೆ ಬೇರೆ ಒಗೆಯಿರಿ, ಮಗುವನ್ನು ಎತ್ತಿಕೊಳ್ಳುವುದು ಆಮೇಲೆ. ಚಪ್ಪಲಿ, ಶೂ ಹೊರಗೇ ಬಿಡುವ ನಮ್ಮ ರೂಢಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಕ್ಕಳ ರಕ್ತದಲ್ಲಿ ಗಮನಕ್ಕೆ ತೆಗೆದುಕೊಳ್ಳುವ ಸೀಸದ ಮಟ್ಟವನ್ನು 2021ರಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಮಿಗೆ ಇಳಿಸಿದೆ. ನಿಯಮಿತವಾಗಿ ಹೊಡೆಯುವವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಖಾಲಿ ಕೇಸ್ ಹೆಕ್ಕುವ ಆಸೆ ರೀಲೋಡ್ ಮಾಡುವವರೆಲ್ಲರಿಗೂ ಉಂಟು. ನಿಂತು ಹೊಡೆಯುವ ಗೆರೆಯ ಹಿಂದೆ ಬಿದ್ದ ನಿಮ್ಮದನ್ನು ಬಹಳ ಕಡೆ ಬಿಡುತ್ತಾರೆ. ಗೆರೆಯ ಮುಂದೆ ಬಿದ್ದದ್ದು ರೇಂಜಿನದು, ಅದಕ್ಕಾಗಿ ಕೈ ಚಾಚಬೇಡಿ, ಕಸಬರಿಕೆ ಚಾಚಬೇಡಿ. ಹೆಕ್ಕಿದ್ದರಲ್ಲೂ .45 ಎಸಿಪಿ ಕೇಸ್ ಇದ್ದರೆ ಪ್ರೈಮರ್ ಗೂಡು ನೋಡಿ, ದೊಡ್ಡದು, ಚಿಕ್ಕದು ಎರಡೂ ಬರುತ್ತವೆ. ತಳದಲ್ಲಿ ವೃತ್ತದೊಳಗೆ ಶಿಲುಬೆ ಗುರುತಿನ ಸೇನಾ ಕೇಸ್‌ಗಳಲ್ಲಿ ಗೂಡಿನ ಅಂಚು ಒತ್ತಿರುತ್ತದೆ. ಅದನ್ನು ತೆಗೆಯದೆ ಪ್ರೈಮರ್ ಕೂರಿಸಿದರೆ ಅದು ಪೂರ್ತಿ ಒಳಗೆ ಹೋಗದೆ ಎದ್ದು ನಿಲ್ಲುತ್ತದೆ. ಎದ್ದು ನಿಂತ ಪ್ರೈಮರ್, ಚೇಂಬರ್ ಮುಚ್ಚುವ ಬೋಲ್ಟಿನ ಹೊಡೆತಕ್ಕೇ ಸಿಡಿಯಬಹುದು.

ರೇಂಜಿಗೆ ಒಯ್ಯುವ ಡಬ್ಬಿ

ರೀಲೋಡ್ ಒಪ್ಪುವ ರೇಂಜಿಗೆ ಹೋಗುವ ಮುಂಚೆ ಮನೆಯಲ್ಲಿ ಮಾಡಬೇಕಾದ ಪರೀಕ್ಷೆ ಸುಲಭದ್ದು. ಗನ್ ಖಾಲಿ ಮಾಡಿ, ನಳಿಗೆ ಬಿಚ್ಚಿ, ಬಾಯಿ ಕೆಳಗೆ ಮಾಡಿ ಹಿಡಿದು ತೋಟಾವನ್ನು ಚೇಂಬರ್‌ಗೆ ಬಿಡಿ. ‘ಟಣ್’ ಅಂತ ತಳ ಮುಟ್ಟಬೇಕು, ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು, ನಳಿಗೆ ಮಗುಚಿದರೆ ತನ್ನ ತೂಕಕ್ಕೇ ಹೊರಬೀಳಬೇಕು. ಒತ್ತಿ ತೂರಿಸಬೇಕಾದದ್ದು ಬೇಡ. 9 ಎಂಎಂಗೆ ಒಟ್ಟು ಉದ್ದ 1.169 ಇಂಚು ಮೀರಬಾರದು, ಹಾಗಂತ ಕೈಪಿಡಿಯ ಅಳತೆಗಿಂತ ಗಿಡ್ಡ ಮಾಡಿದರೆ ಮೊದಲು ಹೇಳಿದ ಒತ್ತಡದ ತೊಂದರೆ. ಬೆರಳ ತುದಿಯನ್ನು ತಳದ ಮೇಲೆ ಸವರಿ, ಪ್ರೈಮರ್ ಮಟ್ಟಕ್ಕಿಂತ ಕೂದಲಷ್ಟು ಕೆಳಗಿರಬೇಕು.

ಡಬ್ಬಿಯ ಮೇಲೆ ತುಂಬಿದ ತಾರೀಕು, ಪೌಡರ್ ಹೆಸರು, ಎಷ್ಟು ಗ್ರೇನ್, ಗುಂಡಿನ ತೂಕ ಮತ್ತು ಬಗೆ, ಪ್ರೈಮರ್, ಒಟ್ಟು ಉದ್ದ ಬರೆಯಿರಿ. ಒಂದು ತೋಟಾ ಕೆಟ್ಟದ್ದು ಸಿಕ್ಕರೆ ಅದರ ಜೊತೆ ತುಂಬಿದ ಅಷ್ಟನ್ನೂ ತಡೆಹಿಡಿಯಲು ಈ ಚೀಟಿ ಬೇಕು. ಹೊಸ ಅಳತೆಯನ್ನು ಪ್ರಕಟಿತ ಕೈಪಿಡಿಯ ಆರಂಭದ ಅಂಕಿಯಿಂದ ಶುರು ಮಾಡಿ, ಮೊದಲು ಹತ್ತೇ ತೋಟಾ ತುಂಬಿ. ಗುಂಡಿನ ವೇಗ ಅಳೆಯಬೇಕೆಂದರೆ ಬೆಳಕಿನ ಸಂವೇದಕದ ಕ್ರೋನೋಗ್ರಾಫ್ ಒಳಾಂಗಣದ ದೀಪಗಳ ಮಿಣುಕಿಗೆ ತಪ್ಪು ಓದಬಹುದು. ಅದನ್ನು ಗೆರೆಯ ಮುಂದೆ ಇಡಲೂ ಬಿಡುವುದಿಲ್ಲ. ಬೆಂಚಿನ ಮೇಲೇ ಇಡುವ ರಡಾರ್ ಬಗೆಯದು ಅನುಕೂಲ.

ಬೇರೆಯವರು ತುಂಬಿದ್ದನ್ನು, ಅವರು ಎಷ್ಟೇ ಆಪ್ತರಾಗಿರಲಿ, ನಿಮ್ಮ ಗನ್‌ಗೆ ಹಾಕಬೇಡಿ. ನಿಮ್ಮದನ್ನು ಅವರಿಗೆ ಕೊಡಬೇಡಿ. ‘ಅಣ್ಣಾ, ಒಂದು ಮ್ಯಾಗಜೀನ್ ಕೊಡಿ’ ಅಂದರೆ ಫ್ಯಾಕ್ಟರಿಯದೊಂದು ಡಬ್ಬಿ ಕೊಡಿಸಿ. ನಿಮ್ಮ ಅಳತೆ ನಿಮ್ಮ ಚೇಂಬರ್‌ನಲ್ಲಿ ಪರೀಕ್ಷೆಯಾದದ್ದು, ಅವರದರಲ್ಲಿ ಅಲ್ಲ.

ಇನ್ನು ಸಿಡಿಯದೆ ಉಳಿದ ತೋಟಾ. ಅದನ್ನು ಜೇಬಿಗೆ ಹಾಕಬೇಡಿ, ಕಸದ ಬುಟ್ಟಿಗೂ ಖಾಲಿ ಕೇಸ್ ಬಕೆಟ್ಟಿಗೂ ಹಾಕಬೇಡಿ. ಬಕೆಟ್ಟು ಗುಜರಿಗೆ ಹೋಗುತ್ತದೆ, ಅಲ್ಲಿ ಕರಗಿಸುವಾಗ ಸಿಡಿಯುತ್ತದೆ. ಹೆಚ್ಚಿನ ರೇಂಜುಗಳಲ್ಲಿ ಇದಕ್ಕೆಂದೇ ಬೇರೆ ಡಬ್ಬಿ ಇಟ್ಟಿರುತ್ತಾರೆ, ಕಾಣದಿದ್ದರೆ ಆಫೀಸರ್ ಕೈಗೆ ಕೊಡಿ. ನಿಮ್ಮದೇ ರೀಲೋಡ್ ಆಗಿದ್ದು ಕಾರಣ ತಿಳಿಯಬೇಕೆಂದರೆ, ಅವರ ಒಪ್ಪಿಗೆ ಪಡೆದು ಗುರುತು ಹಾಕಿದ ಪ್ರತ್ಯೇಕ ಡಬ್ಬಿಯಲ್ಲಿ ಮನೆಗೆ ಒಯ್ದು, ಕನ್ನಡಕ ಹಾಕಿಕೊಂಡು, ಗುಂಡನ್ನು ಬಿಗಿ ಹಿಡಿದು ಕೀಳುವ ಕೊಲೆಟ್ ಬಗೆಯ ಪುಲ್ಲರ್‌ನಿಂದ ಗುಂಡು ಎಳೆದು ನೋಡಿ. ಮದ್ದು ಇದ್ದು ಪ್ರೈಮರ್ ಮೇಲೆ ಆಳದ ಗುರುತು ಬಿದ್ದಿದ್ದರೆ ತಪ್ಪು ಬಹುಶಃ ಪ್ರೈಮರ್‌ನದು. ಗುರುತು ತೆಳುವಾಗಿದ್ದರೆ ಪ್ರೈಮರ್ ಪೂರ್ತಿ ಕೂರದೆ ಪಿನ್ನಿನ ಹೊಡೆತಕ್ಕೆ ಒಳಸರಿದಿರಬಹುದು, ಅಥವಾ ಗನ್ನಿನ ಸ್ಪ್ರಿಂಗ್ ಸಡಿಲಾಗಿರಬಹುದು. ಮದ್ದು ಎಣ್ಣೆ ಹೀರಿ ಗಂಟು ಕಟ್ಟಿದ್ದರೆ ಡೈನಲ್ಲಿ ಒತ್ತುವ ಮುಂಚೆ ಕೇಸಿಗೆ ಹಚ್ಚುವ ಜಾರೆಣ್ಣೆ, ಅಂದರೆ ಲೂಬ್, ಒಳಗೆ ಉಳಿದಿತ್ತು ಅಂತ. ಆಗ ಚೀಟಿ ನೋಡಿ, ಅದೇ ದಿನ ತುಂಬಿದ ಡಬ್ಬಿಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದೊಂದಾಗಿ ಬಿಚ್ಚಿ.